ಕಂಬ ಒಡೆಯುವ ಮುನ್ನ

ತುಂಗಭದ್ರೆ ಹಲವಾಗಲಿನ ಹೊಲಗಳನ್ನು ಸವರಿಕೊಂಡು ಹಡಗಲಿ ಸೀಮೆಯ ಮೈಲಾರದ ಕಡೆ ಹರಿದು, ಹೊಸಪೇಟೆಯ ಅಣೆಕಟ್ಟೆ ದಾಟಿ ಹಂಪಿ ಮುಟ್ಟುವ ಹೊತ್ತಿಗೆ ಪ್ರಹ್ಲಾದನ ಕಥೆ ಅದರ ದಡದಲ್ಲಿ ಕಲ್ಲಾಗಿ ನಿಂತಿರುತ್ತದೆ. ಕೃಷ್ಣದೇವರಾಯ 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆಸಿದ ನರಸಿಂಹ ಇರುವುದು ಅಲ್ಲೇ, 6.7 ಮೀಟರ್ ಎತ್ತರದವನು. ಆನೆಗೊಂದಿ ಬಳಿಯ ನಡುಗಡ್ಡೆ ನವಬೃಂದಾವನದಲ್ಲಿ ವ್ಯಾಸರಾಯರ ಬೃಂದಾವನವಿದೆ. ಪ್ರಹ್ಲಾದನೇ ವ್ಯಾಸರಾಯರಾಗಿ, ಆಮೇಲೆ ರಾಘವೇಂದ್ರರಾಗಿ ಹುಟ್ಟಿಬಂದ ಎಂಬುದು ಮಾಧ್ವ ಪರಂಪರೆಯ ನಂಬಿಕೆ. ರಾಘವೇಂದ್ರರ ಮಂತ್ರಾಲಯವೂ ಇದೇ ಹೊಳೆಯ ದಂಡೆಯ ಊರು.

ಇಂಥ ಸೀಮೆಗೆ ಹಿರಣ್ಯಕಶಿಪುವಿನ ಕಥೆಯನ್ನು ಯಾರೂ ಹೊಸದಾಗಿ ಹೇಳಬೇಕಿಲ್ಲ. ಆದರೂ 2025ರ ಜುಲೈ 25ರಂದು ತೆರೆಕಂಡ ‘ಮಹಾವತಾರ ನರಸಿಂಹ’ ಎಂಬ ಅನಿಮೇಷನ್ ಚಿತ್ರ ಕಥೆ ಬಲ್ಲ ಅಜ್ಜಿಯನ್ನೂ ಕಥೆ ಕೇಳುವ ವಯಸ್ಸಿನ ಮೊಮ್ಮಗನನ್ನೂ ಅಕ್ಕಪಕ್ಕದ ಕುರ್ಚಿಯಲ್ಲಿ ಕೂರಿಸಿತು. ನಿರ್ದೇಶಕ ಅಶ್ವಿನ್ ಕುಮಾರ್. ತಯಾರಿಸಿದ್ದು ಕ್ಲೀಂ ಪ್ರೊಡಕ್ಷನ್ಸ್. ಅರ್ಪಿಸಿದ್ದು ‘ಕೆಜಿಎಫ್’, ‘ಕಾಂತಾರ’ಗಳನ್ನು ಕೊಟ್ಟ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್. ಹಿಂದಿ, ಕನ್ನಡ, ತೆಲುಗು, ತಮಿಳು, ಮಲಯಾಳಂ ಐದೂ ಭಾಷೆಗಳಲ್ಲಿ ಒಟ್ಟಿಗೆ ಬಂತು. ಪೋಸ್ಟರಿನಲ್ಲಿ ಹಾಕಿಕೊಳ್ಳಲು ಒಬ್ಬ ನಾಯಕನಟನ ಮುಖವೂ ಇಲ್ಲದ ಚಿತ್ರ. ಚಿತ್ರೋದ್ಯಮದ ಲೆಕ್ಕದಂತೆ ಮೊದಲ ದಿನದ ಗಳಿಕೆ ಎರಡು ಕೋಟಿ ರೂಪಾಯಿ ಮುಟ್ಟಲಿಲ್ಲ. ನೋಡಿದವರು ನೆರೆಹೊರೆಯವರಿಗೆ ಹೇಳಿದರು, ಅವರು ಮಕ್ಕಳನ್ನು ಕರೆದುಕೊಂಡು ಹೋದರು. ಕೆಲವು ಕಡೆ ಜನ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಒಳಗೆ ಹೋದರು. ಕೊನೆಗೆ ಜಗತ್ತಿನಾದ್ಯಂತ ಗಳಿಕೆ 300 ಕೋಟಿ ದಾಟಿತು. ಭಾರತದ ಯಾವ ಅನಿಮೇಷನ್ ಚಿತ್ರವೂ ಅದುವರೆಗೆ ಅದರ ಹತ್ತಿರಕ್ಕೂ ಸುಳಿದಿರಲಿಲ್ಲ.

ಈ ಗೆಲುವನ್ನು ಬರೀ ಭಕ್ತಿಯ ಖಾತೆಗೆ ಹಾಕಿ ಸುಮ್ಮನಾಗುವುದು ಸುಲಭ. ಭಕ್ತಿಯ ಚಿತ್ರಗಳು ವರ್ಷಕ್ಕೆ ಹತ್ತು ಬರುತ್ತವೆ, ಹತ್ತೂ ಗೆಲ್ಲುವುದಿಲ್ಲ. ಈ ಚಿತ್ರ ಗೆದ್ದಿದ್ದು ಅದರ ನಡುವೆ ಒಬ್ಬ ಹುಡುಗ ಇದ್ದಾನೆ ಎಂಬ ಕಾರಣಕ್ಕೆ. ಅವನ ಕೈಯಲ್ಲಿ ಆಯುಧ ಇಲ್ಲ. ಅಪ್ಪನ ಮೇಲೆ ಸಿಟ್ಟೂ ಇಲ್ಲ. ಹೆದರುವುದಿಲ್ಲ, ಹೆದರಿಸುವುದೂ ಇಲ್ಲ. ಆನೆ ಬಂದರೂ ಹಾವು ಬಂದರೂ ತಾನು ನಂಬಿದ್ದನ್ನು ಬಿಡುವುದಿಲ್ಲ, ಅಷ್ಟೇ. ತೆರೆಯ ಮೇಲೆ ತನ್ನದೇ ಎತ್ತರದ ಒಬ್ಬನು ಅಷ್ಟು ದೊಡ್ಡ ಅರಮನೆಯ ಎದುರು ನಿಂತಿರುವುದನ್ನು ಕಂಡ ಏಳು ವರ್ಷದ ಮಗುವಿಗೆ ಬೇರೆ ನಾಯಕ ಬೇಕಿಲ್ಲ.

ಚಿತ್ರದ ಮೊದಲ ಭಾಗ ದಿತಿ ಮತ್ತು ಕಶ್ಯಪರಿಂದ ಶುರುವಾಗುತ್ತದೆ. ಸಂಜೆಯ ಹೊತ್ತಲ್ಲದ ಹೊತ್ತಿನಲ್ಲಿ ದಿತಿ ಸಂತಾನ ಬಯಸಿದ್ದು, ಅದರಿಂದ ಹಿರಣ್ಯಾಕ್ಷ, ಹಿರಣ್ಯಕಶಿಪು ಹುಟ್ಟಿದ್ದು, ಭೂಮಿಯನ್ನು ನೀರಿನಡಿಗೆ ಒಯ್ದವನನ್ನು ವರಾಹ ಕೊಂದಿದ್ದು ಇವೆಲ್ಲ ಕಾರಣದ ಸರಪಳಿಯಾಗಿ ಬರುತ್ತವೆ. ಇದು ಜಾಣ ಕೆಲಸ. ಹಿರಣ್ಯಕಶಿಪುವಿಗೆ ಹರಿಯ ಮೇಲೆ ಅಷ್ಟು ದ್ವೇಷ ಯಾಕೆ ಎಂದು ಕೇಳುವ ಮಗುವಿಗೆ ಚಿತ್ರವೇ ಉತ್ತರ ಕೊಟ್ಟುಬಿಟ್ಟಿದೆ: ಅವನು ತಮ್ಮನನ್ನು ಕಳೆದುಕೊಂಡವನು. ಇಷ್ಟು ತಿಳಿದ ಮೇಲೆ ಅವನು ಬರೀ ಮೀಸೆ ತಿರುವುವ ರಾಕ್ಷಸನಾಗಿ ಉಳಿಯುವುದಿಲ್ಲ, ದುಃಖವನ್ನು ಹಠವಾಗಿಸಿಕೊಂಡ ಮನುಷ್ಯನ ಹಾಗೆ ಕಾಣುತ್ತಾನೆ.

ತಾಯಿ ಕಯಾದು ನಾರದರ ಆಶ್ರಮದಲ್ಲಿರುವ ಭಾಗವೂ ಗುರುಕುಲದ ಭಾಗವೂ ಚಿತ್ರದ ನಿಜವಾದ ಸೊಗಸು. ಅಲ್ಲಿ ಯಾರೂ ಯಾರನ್ನೂ ಎತ್ತಿ ಒಗೆಯುವುದಿಲ್ಲ, ಪರ್ವತ ಸಿಡಿಯುವುದಿಲ್ಲ. ಆದರೂ ಸಭಾಂಗಣದಲ್ಲಿ ಮಕ್ಕಳ ಗಲಾಟೆ ನಿಲ್ಲುವುದು ಅಂಥ ಕಡೆಯೇ. ಏನು ಕಲಿತೆ ಹೇಳು ಎಂದು ಅಪ್ಪ ಕೇಳುವುದು ಎಲ್ಲ ಮನೆಯ ಮಾತು. ಮಗ ಕೊಡುವ ಉತ್ತರ ಅಪ್ಪನಿಗೆ ಹಿಡಿಸದಿರುವುದೂ ಎಲ್ಲ ಮನೆಯ ಮಾತೇ. ಹಿರಣ್ಯಕಶಿಪು ಮೊದಲು ನಕ್ಕು, ಆಮೇಲೆ ಗುರುಗಳನ್ನು ಬೈದು, ಕೊನೆಗೆ ಮಗನನ್ನೇ ಕೊಲ್ಲಹೊರಡುವವರೆಗಿನ ಏರಿಕೆಯನ್ನು ಚಿತ್ರ ಇನ್ನಷ್ಟು ನಿಧಾನವಾಗಿ ತೋರಿಸಬಹುದಿತ್ತು. ಅಲ್ಲಿ ಉಳಿಸಿದ ಸಮಯವನ್ನು ಕೊನೆಯ ಕಾಳಗಕ್ಕೆ ಸುರಿದಿದ್ದಾರೆ.

ಆ ಕಾಳಗ ಉದ್ದವಾಯಿತು. ಕಂಬ ಒಡೆದು ನರಸಿಂಹ ಹೊರಬರುವ ಗಳಿಗೆ ಮೈ ಜುಮ್ಮೆನಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಹಗಲೂ ಅಲ್ಲದ ಇರುಳೂ ಅಲ್ಲದ ಹೊತ್ತು, ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸಿಲು, ಮನುಷ್ಯನೂ ಅಲ್ಲದ ಮೃಗವೂ ಅಲ್ಲದ ರೂಪ. ಹಿರಣ್ಯಕಶಿಪು ಪಡೆದ ವರದ ಒಂದೊಂದು ಷರತ್ತೂ ಹೇಗೆ ಬಿಡಿಸಿಕೊಳ್ಳುತ್ತದೆ ಎಂಬ ಕುತೂಹಲವೇ ಈ ಕಥೆಯ ಕೀಲಿಕೈ. ಆದರೆ ಆ ಕೀಲಿ ತಿರುಗುವ ಮುನ್ನ ಚಿತ್ರ ಇಬ್ಬರನ್ನೂ ಬೆಟ್ಟದಿಂದ ಬೆಟ್ಟಕ್ಕೆ ಎಸೆಯುತ್ತಾ ಹೋಗುತ್ತದೆ. ಒಂದು ಹೊಡೆತಕ್ಕೂ ಮುಂದಿನ ಹೊಡೆತಕ್ಕೂ ಅರ್ಥದಲ್ಲಿ ವ್ಯತ್ಯಾಸ ಇಲ್ಲದಾಗ ಕಣ್ಣು ದಣಿಯುತ್ತದೆ. ಐದು ವರ್ಷದೊಳಗಿನ ಮಕ್ಕಳು ಅಮ್ಮನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಷ್ಟು ರಕ್ತವೂ ಇದೆ. ಕುಟುಂಬದ ಚಿತ್ರ ಎಂದು ಹೇಳಿಕೊಂಡ ಮೇಲೆ ಈ ಎಚ್ಚರ ಬೇಕಿತ್ತು.

ಹಂಪಿಯ ಮೂರ್ತಿಯನ್ನೇ ನೋಡಿ. ಉಬ್ಬಿದ ಕಣ್ಣು, ತೆರೆದ ಬಾಯಿ, ತಲೆಯ ಮೇಲೆ ಏಳು ಹೆಡೆಯ ಶೇಷ. ಪ್ರವಾಸಿಗರು ಉಗ್ರನರಸಿಂಹ ಎಂದು ಕರೆಯುತ್ತಾರೆ. ಆದರೆ ಅವನು ಕಡೆಯಲ್ಪಟ್ಟಿದ್ದು ಲಕ್ಷ್ಮೀನರಸಿಂಹನಾಗಿ. ತೊಡೆಯ ಮೇಲೆ ಲಕ್ಷ್ಮಿ ಕೂತಿದ್ದಳು. ವಿಜಯನಗರ ಹಾಳಾದ ಕಾಲದಲ್ಲಿ ಅವಳ ಮೂರ್ತಿ ಒಡೆದುಹೋಯಿತು. ಇವತ್ತಿಗೂ ಬಳಸಿಕೊಂಡು ಹೋಗಿ ನೋಡಿದರೆ ಅವನ ಬೆನ್ನ ಮೇಲೆ ಅವಳ ಒಂದು ಕೈ ಉಳಿದಿರುವುದು ಕಾಣುತ್ತದೆ, ಬೆರಳುಗಳ ಸಮೇತ. ಅಷ್ಟು ರೌದ್ರದ ಮುಖ ಕಡೆದ ಶಿಲ್ಪಿಗೆ ಆ ಕೈಯನ್ನೂ ಕಡೆಯಬೇಕು ಅನ್ನಿಸಿತ್ತು. ಪುರಾಣದಲ್ಲಿಯೂ ಹಿರಣ್ಯಕಶಿಪು ಸತ್ತ ಮೇಲೆ ದೇವತೆಗಳೇ ಹತ್ತಿರ ಸುಳಿಯಲು ಹೆದರುತ್ತಾರೆ, ಲಕ್ಷ್ಮಿಯೂ ಹಿಂಜರಿಯುತ್ತಾಳೆ. ಮುಂದೆ ಹೋಗಿ ಸಿಂಹದ ಪಾದ ಹಿಡಿಯುವವನು ಪ್ರಹ್ಲಾದ. ಮಕ್ಕಳ ಚಿತ್ರಕ್ಕೆ ಇದಕ್ಕಿಂತ ದೊಡ್ಡ ಗಳಿಗೆ ಯಾವುದಿದೆ? ಕಾಳಗಕ್ಕೆ ಕೊಟ್ಟ ನಿಮಿಷಗಳಲ್ಲಿ ಒಂದು ಪಾಲನ್ನು ಈ ಸಾಂತ್ವನಕ್ಕೆ ಕೊಟ್ಟಿದ್ದರೆ ಚಿತ್ರದ ತೂಕವೇ ಬೇರೆಯಾಗುತ್ತಿತ್ತು.

ಅನಿಮೇಷನ್ ಎಂದರೆ ಗುಂಡಿ ಒತ್ತಿದರೆ ಕಂಪ್ಯೂಟರು ಬಿಡಿಸಿಕೊಡುವ ಚಿತ್ರ ಎಂಬ ತಿಳಿವಳಿಕೆ ಈಗಲೂ ಇದೆ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಎರಡು ಗಂಟೆ ಹತ್ತು ನಿಮಿಷಕ್ಕೆ ಲೆಕ್ಕ ಹಾಕಿದರೆ 1,87,200 ಚೌಕಟ್ಟುಗಳಾಗುತ್ತವೆ. ಪಾತ್ರದ ಮೈಯನ್ನು ಮೊದಲು ಕಂಪ್ಯೂಟರಿನೊಳಗೆ ಮೂರ್ತಿಯಾಗಿ ಕಟ್ಟಬೇಕು. ಒಳಗೆ ಮೂಳೆ, ಕೀಲು ಕೂರಿಸಬೇಕು. ರೆಪ್ಪೆ ಎಷ್ಟು ಮುಚ್ಚಬೇಕು, ಮೊಣಕೈ ಎಷ್ಟು ಬಾಗಬೇಕು ಎಂಬುದನ್ನು ಕಲಾವಿದ ಕೂತು ತೀರ್ಮಾನಿಸಬೇಕು. ಆಮೇಲೆ ಬಟ್ಟೆ, ಕೂದಲು, ಬೆಳಕು. ಕೊನೆಗೆ ಯಂತ್ರಗಳು ಒಂದೊಂದೇ ಚೌಕಟ್ಟನ್ನು ಲೆಕ್ಕ ಹಾಕಿ ಚಿತ್ರವಾಗಿಸುತ್ತವೆ. ಅದನ್ನೇ ರೆಂಡರಿಂಗ್ ಎನ್ನುವುದು. ಸಿಂಹದ ಕೇಸರ, ನೀರು, ಬೆಂಕಿ ಈ ಮೂರೂ ಅತಿ ಹೆಚ್ಚು ಸಮಯ ನುಂಗುತ್ತವೆ, ನರಸಿಂಹನ ಕಥೆಗೆ ಮೂರೂ ಬೇಕು. ಪತ್ರಿಕೆಗಳಲ್ಲಿ ಬಂದ ಲೆಕ್ಕದಂತೆ ಈ ಚಿತ್ರದ ವೆಚ್ಚ ಸುಮಾರು 40 ಕೋಟಿ ರೂಪಾಯಿ. 2024ರಲ್ಲಿ ಬಂದ ಪಿಕ್ಸಾರ್‌ನ ‘ಇನ್‌ಸೈಡ್ ಔಟ್ 2’ಕ್ಕೆ ಆದ ವೆಚ್ಚ ಸುಮಾರು 20 ಕೋಟಿ ಡಾಲರ್, ಅಂದರೆ ಇದರ ನಲವತ್ತು ಪಟ್ಟು. ಹಾಗಾಗಿ ಸಭೆಯಲ್ಲಿ ಹಿಂದೆ ನಿಂತವರು ಮರದ ಗೊಂಬೆಗಳ ಹಾಗೆ ಸೆಟೆದುಕೊಂಡಿರುವುದನ್ನು, ಕೆಲವರ ನಡಿಗೆಯಲ್ಲಿ ತೂಕ ಇಲ್ಲದಿರುವುದನ್ನು ಕಂಡಾಗ ಬೇಸರವಾದರೂ ಸಿಟ್ಟು ಬರುವುದಿಲ್ಲ. ದುಡ್ಡು ಇದ್ದಷ್ಟನ್ನು ವರಾಹನಿಗೂ ನರಸಿಂಹನಿಗೂ ಖರ್ಚು ಮಾಡಿದ್ದಾರೆ, ಅದು ಕಣ್ಣಿಗೆ ಕಾಣುತ್ತದೆ.

ಕನ್ನಡಿಗರಿಗೆ ಪ್ರಹ್ಲಾದ ಎಂದ ತಕ್ಷಣ ನೆನಪಾಗುವುದು ಬೇರೆಯೇ ಒಂದು ಮುಖ. 1983ರಲ್ಲಿ ವಿಜಯ್ ನಿರ್ದೇಶಿಸಿದ ‘ಭಕ್ತ ಪ್ರಹ್ಲಾದ’ದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು, ಎಂಟು ವರ್ಷದ ಮಾಸ್ಟರ್ ಲೋಹಿತ್ ಪ್ರಹ್ಲಾದ. ಆ ಲೋಹಿತ್ ಮುಂದೆ ಪುನೀತ್ ರಾಜ್‌ಕುಮಾರ್ ಆದದ್ದು, 2021ರ ಅಕ್ಟೋಬರ್ 29ರಂದು ಇಲ್ಲವಾದದ್ದು ನಾಡಿಗೆಲ್ಲ ಗೊತ್ತು. ಅಲ್ಲಿ ಅಪ್ಪ ನಿಜವಾದ ಅಪ್ಪ, ಮಗ ನಿಜವಾದ ಮಗ. ಹೊಡೆಯಲು ಎತ್ತಿದ ಕೈ ಒಂದು ಕ್ಷಣ ತಡೆದರೆ ಅದರ ಹಿಂದೆ ನಟನೆ ಎಷ್ಟು, ಕರುಳು ಎಷ್ಟು ಎಂದು ಬೇರ್ಪಡಿಸಲಾಗದು. ಹೊಸ ಚಿತ್ರವನ್ನು ಅದರ ಜೊತೆ ಹೋಲಿಸುವುದು ನ್ಯಾಯವಲ್ಲ ಎನ್ನುವವರಿದ್ದಾರೆ. ಹೋಲಿಸಲೇಬೇಕು, ಯಾಕೆಂದರೆ ಈ ಕಥೆಗೆ ಜೀವ ಇರುವುದು ಆ ತಡೆದ ಕೈಯಲ್ಲಿ. ಕಂಪ್ಯೂಟರಿನ ಹಿರಣ್ಯಕಶಿಪುವಿಗೆ ತೋಳಿನ ಸ್ನಾಯುಗಳು ಎಷ್ಟು ಬೇಕೋ ಅಷ್ಟಿವೆ. ಹುಬ್ಬಿನ ನಡುವಿನ ಗೊಂದಲ ಅಷ್ಟಾಗಿ ಬಂದಿಲ್ಲ.

ಇನ್ನು ಹೋಳಿಕೆಯ ಪ್ರಸಂಗ. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಬೆಂಕಿಯಲ್ಲಿ ಕೂರುವ ಅತ್ತೆಯ ದೃಶ್ಯ ಚೆನ್ನಾಗಿ ಮೂಡಿದೆ. ಆದರೆ ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರಿನ ಮಕ್ಕಳಿಗೆ ಹೋಳಿ ಹುಣ್ಣಿಮೆಯ ಬೆಂಕಿ ಕಾಮಣ್ಣನದು. ಹಲಗೆ ಬಡಿಯುತ್ತಾ ಓಣಿ ಓಣಿ ತಿರುಗಿ ಕಟ್ಟಿಗೆ, ಕುಳ್ಳು ಒಟ್ಟುಮಾಡಿ ಸುಡುವುದು ಶಿವನ ಕಣ್ಣಿಗೆ ಗುರಿಯಾದ ಕಾಮನನ್ನು. ಒಂದೇ ಹುಣ್ಣಿಮೆ, ಉತ್ತರ ಭಾರತದಲ್ಲಿ ಒಂದು ಕಥೆ, ಇಲ್ಲಿ ಇನ್ನೊಂದು. ಐದು ಭಾಷೆಗಳಿಗೆ ಒಂದೇ ಚಿತ್ರ ಕಟ್ಟುವಾಗ ಇಂಥ ಸ್ಥಳೀಯ ನೆನಪುಗಳು ಹೊರಗುಳಿಯುತ್ತವೆ. ಚಿತ್ರ ನೋಡಿ ಬಂದ ಮಗು ನಮ್ಮೂರಲ್ಲಿ ಸುಡುವುದು ಇವಳನ್ನೇನಾ ಎಂದು ಕೇಳಿದರೆ ಮನೆಯ ಹಿರಿಯರು ಎರಡೂ ಕಥೆ ಹೇಳಬೇಕಾಗುತ್ತದೆ. ಅದು ನಷ್ಟವೇನಲ್ಲ.

ಭಾಷೆಯ ವಿಚಾರಕ್ಕೆ ಬಂದರೆ, ಈ ಚಿತ್ರ ಕನ್ನಡದಲ್ಲಿ ಕೇಳಿಸಿತು ಎಂಬುದೇ ಸಣ್ಣ ಸಂಗತಿಯಲ್ಲ. 1960ರ ದಶಕದಲ್ಲಿ ಅ.ನ.ಕೃ., ರಾಜ್‌ಕುಮಾರ್ ಮುಂತಾದವರು ನಿಂತು ಡಬ್ಬಿಂಗ್ ವಿರುದ್ಧ ಹೋರಾಡಿದರು. ಮದರಾಸಿನ ಸ್ಟುಡಿಯೋಗಳ ನೆರಳಿನಲ್ಲಿದ್ದ ಕನ್ನಡ ಚಿತ್ರರಂಗ ಡಬ್ಬಿಂಗ್ ಹೊಳೆಯಲ್ಲಿ ಕೊಚ್ಚಿಹೋಗುತ್ತದೆ ಎಂಬ ಅವರ ಭಯಕ್ಕೆ ಕಾರಣವಿತ್ತು. ಆ ಭಯವೇ ಮುಂದಿನ ದಶಕಗಳಲ್ಲಿ ಅಲಿಖಿತ ನಿಷೇಧವಾಯಿತು. ಅದರ ಬೆಲೆ ತೆತ್ತವರಲ್ಲಿ ಮಕ್ಕಳೇ ಮೊದಲಿಗರು. ದೊಡ್ಡವರಿಗೆ ಕನ್ನಡದ ಸ್ವಂತ ಸಿನಿಮಾಗಳಿದ್ದವು. ಮಕ್ಕಳಿಗೆ ಕನ್ನಡದ ಸ್ವಂತ ಕಾರ್ಟೂನುಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬಳ್ಳಾರಿ ಸೀಮೆಯ ಮಕ್ಕಳು ತೆಲುಗಿನಲ್ಲೋ ಹಿಂದಿಯಲ್ಲೋ ನೋಡಿದರು. 2009ರಲ್ಲಿ ಚಿಂಟು ಟಿವಿ ಶುರುವಾದ ಮೇಲೆ ಮಕ್ಕಳ ಕಾರ್ಯಕ್ರಮಗಳು ದಿನವಿಡೀ ಕನ್ನಡ ಮಾತಾಡತೊಡಗಿದವು. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟು ಭಾರತೀಯ ಸ್ಪರ್ಧಾ ಆಯೋಗ 2015ರ ಜುಲೈನಲ್ಲಿ ಡಬ್ಬಿಂಗ್ ತಡೆಯುವುದು ತಪ್ಪು ಎಂದು ಆದೇಶ ಹೊರಡಿಸಿದ ಮೇಲೆ ಚಿತ್ರಮಂದಿರದ ಬಾಗಿಲೂ ತೆರೆಯಿತು. 2022ರಲ್ಲಿ ಎರಡನೇ ‘ಅವತಾರ್’ ಕನ್ನಡದಲ್ಲಿ ಬಂತು. 2023ರಲ್ಲಿ ಸ್ಪೈಡರ್‌ಮ್ಯಾನ್‌ನ ಅನಿಮೇಷನ್ ಚಿತ್ರ ಹತ್ತು ಭಾಷೆಗಳಲ್ಲಿ ಬಂದಾಗ ಅದರಲ್ಲಿ ಕನ್ನಡವೂ ಇತ್ತು.

ಆದರೂ ಬಾಗಿಲು ಅರ್ಧವೇ ತೆರೆದಿದೆ. ಜಪಾನಿನ ಯುಗೋ ಸಾಕೋ ಮತ್ತು ಭಾರತದ ರಾಮಮೋಹನ್ ಸೇರಿ ಮಾಡಿದ ರಾಮಾಯಣದ ಅನಿಮೇಷನ್ ಚಿತ್ರ 2025ರ ಜನವರಿಯಲ್ಲಿ ಭಾರತದ ಚಿತ್ರಮಂದಿರಗಳಿಗೆ ಬಂದದ್ದು ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ಕಿಷ್ಕಿಂಧೆ ತಮ್ಮದು ಎನ್ನುವ ಆನೆಗೊಂದಿ ಸೀಮೆಯ ಮಕ್ಕಳಿಗೆ ಆ ಹನುಮಂತ ಕನ್ನಡದಲ್ಲಿ ಮಾತಾಡಲಿಲ್ಲ. ಹೀಗಿರುವಾಗ ಬೆಂಗಳೂರಿನ ಸಂಸ್ಥೆಯೊಂದು ತಾನು ಅರ್ಪಿಸುವ ಚಿತ್ರವನ್ನು ಮೊದಲ ದಿನವೇ ಕನ್ನಡದಲ್ಲೂ ತಂದಿದ್ದನ್ನು ಮನಸಾರೆ ಮೆಚ್ಚಬೇಕು. ಪಾತ್ರಗಳ ತುಟಿ ಹಿಂದಿಯ ಮಾತಿಗೆ ಕದಲುತ್ತದೆ, ಕನ್ನಡದ ವಾಕ್ಯವನ್ನು ಆ ಬಾಯಿಯ ಅಳತೆಗೆ ಹಿಗ್ಗಿಸಿ ಕುಗ್ಗಿಸಿ ಕೂರಿಸಬೇಕಾಗುತ್ತದೆ. ಇದು ಡಬ್ಬಿಂಗಿನ ಹುಟ್ಟುಗುಣ. ಕನ್ನಡದಲ್ಲೇ ಮೊದಲು ಮಾತು ಬರೆದು, ಆ ಮಾತಿಗೆ ತುಟಿ ಕದಲಿಸಿದ ದೊಡ್ಡ ಅನಿಮೇಷನ್ ಚಿತ್ರ ಬರಬೇಕು. ಅಭಿಮಾನಿಗಳು ಹೊಂಬಾಳೆಯಂಥ ಸಂಸ್ಥೆಯಿಂದ ಅದನ್ನು ಕೇಳುವುದರಲ್ಲಿ ತಪ್ಪೇನಿಲ್ಲ.

ಅದಕ್ಕೆ ಬೇಕಾದ ಕಸುಬು ಈ ನೆಲಕ್ಕೆ ಹೊಸದಲ್ಲ. ಬಳ್ಳಾರಿ, ಕೊಪ್ಪಳದ ತೊಗಲುಗೊಂಬೆಯಾಟ ನೋಡಿದವರಿಗೆ ಇದು ಗೊತ್ತು. ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹೆರೆದು, ಸಣ್ಣ ಉಳಿಯಿಂದ ಒಡವೆಯ ತೂತುಗಳನ್ನು ಕೊರೆದು, ಬಣ್ಣ ಹಚ್ಚಿ, ಕೈಕಾಲುಗಳನ್ನು ಬೇರೆಯಾಗಿ ಮಾಡಿ ದಾರದಿಂದ ಕೀಲು ಹಾಕುತ್ತಾರೆ. ಬಿಳಿ ಪರದೆಯ ಹಿಂದೆ ದೀಪ. ಗೊಂಬೆ ಪರದೆಗೆ ಒತ್ತಿದಾಗ ಬಣ್ಣ ಗಾಢವಾಗುತ್ತದೆ, ಹಿಂದೆ ಸರಿದರೆ ಮಸುಕಾಗಿ ದೊಡ್ಡದಾಗುತ್ತದೆ. ರಾಕ್ಷಸ ಹತ್ತಿರ ಬಂದ ಎಂದು ತೋರಿಸಲು ಅಷ್ಟು ಸಾಕು. ನಡುನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಮಕ್ಕಳನ್ನು ನಗಿಸುತ್ತಾರೆ. ಬಳ್ಳಾರಿಯ ಬೆಳಗಲ್ಲು ವೀರಣ್ಣ ಈ ಆಟವನ್ನು ನಾಡಿನ ಹೊರಗೂ ಒಯ್ದರು, ಗಾಂಧಿಯ ಕಥೆಯನ್ನೂ ತೊಗಲಿನಲ್ಲಿ ಆಡಿಸಿದರು, 2023ರಲ್ಲಿ ತೀರಿಕೊಂಡರು. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ಮೇಲೆ, 2025ರಲ್ಲಿ, ಪದ್ಮಶ್ರೀ ಬಂತು. ಜಗತ್ತಿನಲ್ಲಿ ಇವತ್ತಿಗೆ ಉಳಿದಿರುವ ಅತಿ ಹಳೆಯ ಪೂರ್ಣಾವಧಿ ಅನಿಮೇಷನ್ ಚಿತ್ರ ‘ದಿ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಹ್ಮದ್’. ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಹೆಣ್ಣುಮಗಳು 1926ರಲ್ಲಿ ಅದನ್ನು ಮಾಡಿದ್ದು ಕೀಲು ಹಾಕಿದ ಕಪ್ಪು ಕಾಗದದ ಗೊಂಬೆಗಳಿಂದ, ಹಿಂದಿನಿಂದ ಬೆಳಕು ಬಿಟ್ಟು. ಮೋರನಾಳದ ಪರದೆಗೂ ಅವಳ ಮೇಜಿಗೂ ಇರುವ ದೂರ ಬಹಳ ಕಡಿಮೆ. ‘ಮಹಾವತಾರ ನರಸಿಂಹ’ದ ಅರಮನೆ, ಕಿರೀಟ, ಮೈಕಟ್ಟುಗಳಿಗೆ ಟಿವಿ ಧಾರಾವಾಹಿಗಳ, ಅಮೆರಿಕದ ಸೂಪರ್‌ಹೀರೋಗಳ ನೆರಳು ಬಿದ್ದಿದೆ. ತೊಗಲುಗೊಂಬೆಯ ಆ ಕೆಂಪು, ಆ ಹಸಿರು, ದೊಡ್ಡಾಟದ ಭುಜಕೀರ್ತಿ, ಹಂಪಿಯ ವಿಠಲ ಗುಡಿಯ ಮಂಟಪದಲ್ಲಿರುವ ನರಸಿಂಹನ ಶಿಲ್ಪಗಳು ಇವುಗಳ ಕಡೆ ಕಲಾವಿದರು ತಿರುಗಿ ನೋಡಿದ್ದರೆ ಹಿರಣ್ಯಕಶಿಪು ಬೇರೆಲ್ಲೂ ಕಾಣಸಿಗದ ಹಿರಣ್ಯಕಶಿಪು ಆಗುತ್ತಿದ್ದ.

ಹಳ್ಳಿಯ ಕುಟುಂಬಕ್ಕೆ ಇಂಥ ಚಿತ್ರ ತಲುಪುವ ಬಗೆಯನ್ನೂ ಹೇಳಬೇಕು. ಹಲವಾಗಲಿನಿಂದ ಹರಪನಹಳ್ಳಿಗೋ ದಾವಣಗೆರೆಗೋ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಬಿಟ್ಟ ಹಾಗೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಅಜ್ಜಿಗೂ ಅಮ್ಮನಿಗೂ ಸರ್ಕಾರಿ ಬಸ್ಸಿನ ಚಾರ್ಜು ಇಲ್ಲ, ಆದರೆ ಸಿನಿಮಾ ಟಿಕೆಟ್ಟಿನ ಖರ್ಚು ಇದೆ. ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ತೆರಿಗೆ ಬಿಟ್ಟು 200 ರೂಪಾಯಿಗಿಂತ ಹೆಚ್ಚು ದರ ಇಡಬಾರದೆಂದು ನಿಯಮ ತಂದಿತು, ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಚಿತ್ರ ಸೆಪ್ಟೆಂಬರ್ 19ಕ್ಕೆ ನೆಟ್‌ಫ್ಲಿಕ್ಸ್‌ಗೂ ಬಂತು. ಅಂಗೈಯಷ್ಟು ಪರದೆಯಲ್ಲಿ ಕಂಬ ಒಡೆದರೆ ಅದು ಒಡೆದ ಹಾಗೆ ಇರುವುದಿಲ್ಲ. ಶಾಲೆಗಳು, ಪಂಚಾಯಿತಿಗಳು ಸೇರಿ ತಾಲ್ಲೂಕಿನ ಚಿತ್ರಮಂದಿರಗಳಲ್ಲಿ ಇಂಥ ಚಿತ್ರಗಳ ರಿಯಾಯಿತಿ ಪ್ರದರ್ಶನ ಏರ್ಪಡಿಸಿದರೆ ಮಕ್ಕಳಿಗೆ ದೊಡ್ಡ ಉಪಕಾರ.

ಈ ಸರಣಿ ಇಲ್ಲಿಗೆ ಮುಗಿಯುವುದಿಲ್ಲ. ಹೊಂಬಾಳೆ ಮತ್ತು ಕ್ಲೀಂ 2037ರವರೆಗೆ ಏಳು ಚಿತ್ರಗಳನ್ನು ಘೋಷಿಸಿವೆ, ಮುಂದಿನದು 2027ಕ್ಕೆಂದು ಹೇಳಿರುವ ‘ಮಹಾವತಾರ ಪರಶುರಾಮ’. ಈ ಸೀಮೆಗೆ ಪರಶುರಾಮ ಮೊದಲು ಯಲ್ಲಮ್ಮನ, ಅಂದರೆ ರೇಣುಕೆಯ, ಮಗ. ಅವನ ಕೊಡಲಿಗಿಂತ ಅವನ ತಾಯಿಯ ಸಂಕಟ ಇಲ್ಲಿ ಹೆಚ್ಚು ಪರಿಚಿತ. ಆ ಕಥೆಯನ್ನು ಜೋಗತಿಯರು ಕೊಡ ಹೊತ್ತು ಕುಣಿದು ಹಾಡಿಕೊಂಡು ಬಂದಿದ್ದಾರೆ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಸಂದದ್ದು ಈ ಕಲೆಗಾಗಿಯೇ. ಅಪ್ಪನ ಮಾತಿಗೆ ತಾಯಿಯ ತಲೆ ಕಡಿದು, ಅದೇ ಅಪ್ಪನ ಬಳಿ ಅವಳ ಪ್ರಾಣವನ್ನು ವರವಾಗಿ ಬೇಡಿದ ಮಗನ ಕಥೆಯನ್ನು ಮಕ್ಕಳಿಗೆ ಹೇಳುವುದು ಪ್ರಹ್ಲಾದನ ಕಥೆಗಿಂತ ಕಷ್ಟದ ಕೆಲಸ. ಕ್ಷತ್ರಿಯರ ಮೇಲೆ ನಡೆದ ಇಪ್ಪತ್ತೊಂದು ದಂಡಯಾತ್ರೆಗಳ ಕಾಳಗಕ್ಕೆ ಕಂಪ್ಯೂಟರುಗಳನ್ನು ಬಿಡುವ ಮುನ್ನ ನಿರ್ದೇಶಕರ ತಂಡ ಒಮ್ಮೆ ಮರಿಯಮ್ಮನಹಳ್ಳಿಗೆ ಬಂದು ಜೋಗತಿಯರ ಬಾಯಲ್ಲಿ ರೇಣುಕೆಯ ಪಾಲಿನ ಕಥೆ ಕೇಳಿಕೊಂಡು ಹೋಗಬೇಕು. ಹೊಸಪೇಟೆಯಿಂದ ಅದು ಬಸ್ಸಿನಲ್ಲಿ ಒಂದು ಗಂಟೆಯೂ ಇಲ್ಲ.